ಸೂಕ್ಷ್ಮತರಂಗಗಳ ಶೋಧನವೂ ವೈದ್ಯಶಾಸ್ತ್ರವೂ

ಮಂಡಿಕಲ್ ಹೋಬಳಿಯ ಯಾವ ಹಳ್ಳಿಯಿಂದಲಾದರೂ ಸರಿಯೆ, ರೋಗಿಯೊಬ್ಬನನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ತಲೆಯ ಅಥವಾ ಬೆನ್ನುಹುರಿಯ ಎಂ.ಆರ್.ಐ. ಚಿತ್ರವನ್ನು ತೆಗೆಯಿಸಿದವರಿಗೆ ಎರಡು ಸಂಗತಿಗಳು ನೆನಪಿರಬಹುದು. ಮೊದಲನೆಯದು, ರೋಗಿಯ ತೂಕವೆಷ್ಟೆಂದು ವಿಚಾರಿಸಿ ಬರೆದುಕೊಳ್ಳುವುದು. ಎರಡನೆಯದು, ಅವನನ್ನು ಒಳಗೆ ಮಲಗಿಸಿದ ಮೇಲೆ ದಪ್ಪನಾದ ಬಾಗಿಲೊಂದನ್ನು ಬಿಗಿಯಾಗಿ ಮುಚ್ಚುವುದು. ಚಿತ್ರ ತೆಗೆಯುವುದಕ್ಕೆ ತೂಕವೇಕೆ? ಬಾಗಿಲು ಅಷ್ಟು ಬಿಗಿಯೇಕೆ? ಹೊರಗಿನ ಬೆಂಚಿನ ಮೇಲೆ ಕುಳಿತ ಬಂಧುವಿಗೆ ಇದನ್ನು ವಿವರಿಸಿ ಹೇಳುವಷ್ಟು ವಿರಾಮವು ಅಲ್ಲಿರುವವರಿಗೆ ಇರುವುದಿಲ್ಲ. ಆದರೆ ಈ ಎರಡು ಪ್ರಶ್ನೆಗಳಿಗೂ ಉತ್ತರವು ರೇಡಿಯೋ ಅಲೆಗಳ ಚರಿತ್ರೆಯಲ್ಲಿ ಅಡಗಿರುವುದು. ಮತ್ತು ಆ ಚರಿತ್ರೆಯಲ್ಲಿ ನಮ್ಮ ಕನ್ನಡನಾಡಿಗೂ ಒಂದು ಗೌರವದ ಪಾಲು ಸಲ್ಲುವುದು.

ರಾಗಿಯ ಹಿಟ್ಟನ್ನು ಒಂದರಿಯಾಡುವಾಗ ನುಣ್ಣನೆಯದು ಕೆಳಗಿಳಿದು, ತೌಡು ಮೇಲೆ ನಿಲ್ಲುತ್ತದೆಯಷ್ಟೆ. ವಿದ್ಯುತ್ತಿನ ಅಲೆಗಳಲ್ಲಿಯೂ ಬೇಕಾದವನ್ನು ಬಿಟ್ಟುಕೊಂಡು, ಬೇಡವಾದವನ್ನು ತಡೆಯುವ ಸಾಧನವೊಂದುಂಟು. ಅದನ್ನೇ ಫಿಲ್ಟರ್ ಅಥವಾ ತರಂಗಶೋಧಕವೆನ್ನುವರು. ೧೯೧೫ರ ಸುಮಾರಿನಲ್ಲಿ ಅಮೆರಿಕಾದ ಕ್ಯಾಂಪ್‌ಬೆಲ್ಲನೂ ಜರ್ಮನಿಯ ವಾಗ್ನರನೂ, ಒಬ್ಬರನ್ನೊಬ್ಬರು ಅವಲಂಬಿಸದೆ, ಸುರುಳಿ ಮತ್ತು ಕಂಡೆನ್ಸರುಗಳನ್ನು ಸಾಲಾಗಿ ಜೋಡಿಸಿ ಇಂಥ ಶೋಧಕಗಳನ್ನು ರಚಿಸಿದರು. ಒಂದೇ ತಂತಿಯಲ್ಲಿ ಅನೇಕ ಟೆಲಿಫೋನು ಸಂಭಾಷಣೆಗಳು ಬೆರೆಯದೆ ಸಾಗುವುದು ಇದರಿಂದ ಸಾಧ್ಯವಾಯಿತು. ಆದರೆ ಅಲೆಯು ಗೇಣುದ್ದಕ್ಕೂ ಬೆರಳುದ್ದಕ್ಕೂ ಇಳಿದಾಗ ಸುರುಳಿಗಳು ನಿರುಪಯೋಗಿಗಳಾಗುವುವು. ಅಲ್ಲಿ ಲೋಹದ ನಳಿಗೆಯೇ ತಂತಿಯ ಕೆಲಸವನ್ನೂ ಶೋಧಕದ ಕೆಲಸವನ್ನೂ ಮಾಡಬೇಕು. ಈ ನಳಿಗೆಯ ಗಣಿತವನ್ನು ೧೮೯೭ರಲ್ಲಿಯೇ ರ‍್ಯಾಲೇ ಪ್ರಭುವು ಸಿದ್ಧಪಡಿಸಿದ್ದನು. ಅದಕ್ಕೂ ಎರಡು ವರ್ಷ ಮುಂಚೆ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರು ಉದ್ದದ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದರು. ಚೌಕಾಕಾರದ ನಳಿಗೆಯೊಂದರಲ್ಲಿ, ಅದರ ಅಗಲದ ಇಮ್ಮಡಿಗಿಂತ ಉದ್ದವಾದ ಅಲೆಯು ಮುಂದೆ ಸಾಗಲಾರದೆ ಬಾಯಲ್ಲಿಯೇ ಕ್ಷಯಿಸಿಹೋಗುವುದೆಂಬುದು ಇದರ ಮುಖ್ಯ ನಿಯಮ. ಈ ನಿಯಮವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಆಸ್ಪತ್ರೆಯ ಗೋಡೆಯಲ್ಲಿ ಇದನ್ನೇ ಕಾಣುವೆವು.

೧೯೪೦ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬಿಬ್ಬರು ಮ್ಯಾಗ್ನೆಟ್ರಾನ್ ಎಂಬ ಯಂತ್ರದಿಂದ ಸುಮಾರು ಹತ್ತು ಸೆಂಟಿಮೀಟರಿನ ಅಲೆಗಳನ್ನು ಪ್ರಬಲವಾಗಿ ಹೊಮ್ಮಿಸಿದರು. ಯುದ್ಧಕಾಲದಲ್ಲಿ ಇದು ರೇಡಾರಿಗೆ ಪ್ರಾಣವಾಯಿತು. ಯುದ್ಧವು ಮುಗಿದೊಡನೆಯೇ ವೈದ್ಯರ ಕೈಗೆ ಬಂದಿತು. ಅಮೆರಿಕಾದ ಮೇಯೋ ಚಿಕಿತ್ಸಾಲಯದಲ್ಲಿ ಕ್ರೂಸೆನ್ ಎಂಬ ವೈದ್ಯನೂ ಅವನ ಸಹೋದ್ಯೋಗಿಗಳೂ ನೋಯುವ ಸ್ನಾಯುಗಳಿಗೆ ಒಳಗಿನಿಂದಲೇ ಕಾವು ಕೊಡಲು ಸೂಕ್ಷ್ಮತರಂಗಗಳನ್ನು ಪ್ರಯೋಗಿಸಿದರು. ೧೯೪೭ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಗಳಿಗೆಂದೇ ಕೆಲವು ಪಟ್ಟಿಗಳನ್ನು ಮೀಸಲಿಟ್ಟಿತು. ಆದರೆ ೧೯೪೮ರಲ್ಲಿಯೇ, ಈ ಅಲೆಗಳಿಗೆ ಒಡ್ಡಿದ ಪ್ರಾಣಿಗಳ ಕಣ್ಣಿನಲ್ಲಿ ಪೊರೆ ಬೆಳೆಯುವುದು ಕಂಡುಬಂದಿತು. ಕಣ್ಣಿನ ಮಸೂರದಲ್ಲಿ ರಕ್ತನಾಳಗಳಿಲ್ಲ. ಕಾವನ್ನು ಹೊತ್ತುಕೊಂಡು ಹೋಗುವ ರಕ್ತವಿಲ್ಲದ್ದರಿಂದ ಅದು ಅಲ್ಲಿಯೇ ನಿಂತು ಕೆಡಿಸುವುದು. ನೋವನ್ನು ಕಳೆಯುವ ಅಲೆಯೇ ದೃಷ್ಟಿಯನ್ನೂ ಕಳೆಯಬಲ್ಲುದಾದರೆ, ಚಿಕಿತ್ಸೆಗೂ ಹಾನಿಗೂ ನಡುವಣ ಅಂತರವೆಲ್ಲವೂ ಅಳತೆಯೊಂದರಲ್ಲಿಯೇ ನಿಂತಿರುವುದಲ್ಲವೆ? ಆ ಅಳತೆಯು ಅಂದು ಯಾರಲ್ಲಿಯೂ ಇರಲಿಲ್ಲ.

ಈ ಕಾಲದಲ್ಲಿಯೇ ನಮ್ಮ ನಾಡಿನ ತರುಣಿಯೊಬ್ಬರು ಈ ವಿದ್ಯೆಯ ಬಾಗಿಲನ್ನು ತಟ್ಟಿದರು. ಕರ್ನಾಟಕದ ಪ್ರಥಮ ಮಹಿಳಾ ಎಂಜಿನಿಯರೆಂದು ಹೆಸರಾದ ರಾಜೇಶ್ವರಿ ಚಟರ್ಜಿಯವರು ಹುಟ್ಟಿದುದು ೧೯೨೨ರ ಜನವರಿ ೨೪ರಂದು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ರಾಜೇಶ್ವರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಬಹುಮಾನಗಳೊಡನೆ ಎಂ.ಎಸ್‌ಸಿ. ಪದವಿಯನ್ನು ಪಡೆದು, ೧೯೪೩ರಲ್ಲಿ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿ, ವಿದ್ಯುತ್‌ಸಂಪರ್ಕ ಶಾಸ್ತ್ರವನ್ನು ಆರಿಸಿಕೊಂಡರು. ೧೯೪೭ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕಾಕ್ಕೆ ತೆರಳಿ, ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಮೊದಲು ಸ್ನಾತಕೋತ್ತರ ಪದವಿಯನ್ನೂ ಅನಂತರ ಡಾಕ್ಟರೇಟನ್ನೂ ಸಂಪಾದಿಸಿದರು. ನಡುವೆ ೧೯೪೯ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ಕಾಲ ಅವರು ಅಭ್ಯಾಸ ಮಾಡಿದುದು ಯಾವ ವಿಷಯವೆಂದರೆ, ರೇಡಿಯೋ ಅಲೆಗಳ ಅಳತೆ!

೧೯೫೩ರಲ್ಲಿ ಅವರು ಬೆಂಗಳೂರಿಗೆ ಹಿಂದಿರುಗಿ ಅದೇ ವಿಭಾಗದಲ್ಲಿ ಅಧ್ಯಾಪಕರಾದರು. ಆ ವರ್ಷವೇ ಅಲ್ಲಿನ ಪ್ರಾಧ್ಯಾಪಕರಾದ ಶಿಶಿರ ಕುಮಾರ ಚಟರ್ಜಿಯವರನ್ನು ವಿವಾಹವಾದರು. ಈ ದಂಪತಿಗಳು ಕೂಡಿ ಅಲ್ಲಿ ಸೂಕ್ಷ್ಮತರಂಗಗಳ ಸಂಶೋಧನಾಲಯವನ್ನು ಕಟ್ಟಿದರು. ಭಾರತದಲ್ಲಿ ಈ ಶಾಸ್ತ್ರಕ್ಕೆ ಹಾಕಿದ ಮೊದಲ ತಳಹದಿಗಳಲ್ಲಿ ಅದೊಂದು. ೧೯೮೨ರಲ್ಲಿ ನಿವೃತ್ತರಾಗುವವರೆಗೆ ರಾಜೇಶ್ವರಿಯವರು ಇಪ್ಪತ್ತು ಮಂದಿ ಶಿಷ್ಯರನ್ನು ಡಾಕ್ಟರೇಟ್ ಪದವಿಗೆ ಸಿದ್ಧಪಡಿಸಿದರು, ಗ್ರಂಥಗಳನ್ನು ಬರೆದರು. ಅವರ ಸಂಶೋಧನೆಯು ಮುಖ್ಯವಾಗಿ ವಿಮಾನಗಳಿಗೂ ಗಗನನೌಕೆಗಳಿಗೂ ಬೇಕಾದ ಆಂಟೆನಾಗಳನ್ನು ಕುರಿತದ್ದೇ ಹೊರತು ವೈದ್ಯವನ್ನು ಕುರಿತದ್ದಲ್ಲ. ೨೦೧೦ರ ಸೆಪ್ಟೆಂಬರ್ ೩ರಂದು ಅವರು ದಿವಂಗತರಾದರು.

ವೈದ್ಯಕ್ಕೂ ಈ ವಿದ್ಯೆಗೂ ಸೇತುವೆಯಾದುದು ಅವರ ಮಗಳ ಕೆಲಸ. ಇಂದಿರಾ ಚಟರ್ಜಿಯವರು ಅಮೆರಿಕಾದ ಯೂಟಾ ವಿಶ್ವವಿದ್ಯಾಲಯದಲ್ಲಿ ಓಂ ಪಿ. ಗಾಂಧಿಯವರ ಬಳಿಯಲ್ಲಿ, ರೇಡಿಯೋ ಅಲೆಯು ಮನುಷ್ಯ ಶರೀರದಲ್ಲಿ ಎಷ್ಟು ಇಂಗುತ್ತದೆಂಬುದನ್ನು ಅಭ್ಯಾಸ ಮಾಡಿದರು. ಮುಂದೆ ನೆವಾಡಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಜೀವಕೋಶಗಳ ಮೇಲೆ ಈ ಅಲೆಗಳ ಪರಿಣಾಮವನ್ನು ಪರೀಕ್ಷಿಸಿದರು. ಮನುಷ್ಯನ ಶರೀರವು ತಾನೇ ಒಂದು ಆಂಟೆನಾದಂತೆ ವರ್ತಿಸುವುದೆಂಬುದನ್ನು ಗಾಂಧಿಯವರ ಪರಿವಾರವು ಸ್ಪಷ್ಟಪಡಿಸಿತು: ನಿಂತಿರುವ ಆಳೆತ್ತರದ ಮನುಷ್ಯನು ಸುಮಾರು ೭೦ರಿಂದ ೮೦ ಮೆಗಾಹರ್ಟ್ಸ್ ಅಲೆಗಳನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೀರುವನು, ಗಿಡ್ಡನಾದ ಮಗುವಿಗೆ ಆ ಸಂಖ್ಯೆಯು ಇನ್ನೂ ಮೇಲಕ್ಕೆ ಏರುವುದು. ಆದುದರಿಂದ ಬರಿಯ ಅಲೆಯ ಬಲವನ್ನು ಅಳೆದರೆ ಸಾಲದು. ಶರೀರದ ಒಂದೊಂದು ಕಿಲೋಗ್ರಾಮಿಗೆ ಎಷ್ಟು ವ್ಯಾಟ್ ಇಂಗಿತೆಂಬುದನ್ನು ಎಣಿಸಬೇಕು. ೧೯೮೨ರ ಅಮೆರಿಕಾದ ಮಾನಕವು ಈ ಎಣಿಕೆಯನ್ನೇ ಆಧಾರವಾಗಿ ಹಿಡಿದು, ಇಡೀ ಶರೀರಕ್ಕೆ ಸರಾಸರಿ ೦.೪ ವ್ಯಾಟ್ ಎಂಬ ಮಿತಿಯನ್ನು ಗೊತ್ತುಮಾಡಿತು. ೧೯೪೮ರಲ್ಲಿ ವೈದ್ಯರಿಗೆ ಇಲ್ಲದಿದ್ದ ಅಳತೆಯು ಹೀಗೆ ದೊರೆಯಿತು.

ಈಗ ನಮ್ಮ ಎರಡು ಪ್ರಶ್ನೆಗಳಿಗೆ ಬರೋಣ. ೧೯೭೩ರಲ್ಲಿ ಲಾಟರ್‌ಬರ್ ಎಂಬವನು ಕಂಡುಹಿಡಿದ ಚಿತ್ರಣಕ್ರಮವೇ ಎಂ.ಆರ್.ಐ.ಗೆ ಮೂಲ. ಒಂದೂವರೆ ಟೆಸ್ಲಾ ಬಲದ ಕಾಂತದಲ್ಲಿ ಶರೀರದ ಜಲಜನಕದ ಬೀಜಗಳು ಸುಮಾರು ೬೪ ಮೆಗಾಹರ್ಟ್ಸ್ ಅಲೆಗೆ ಓಗೊಡುವುವು. ಈ ಸಂಖ್ಯೆಯು ಶರೀರವು ಅತ್ಯಧಿಕವಾಗಿ ಹೀರುವ ಸಂಖ್ಯೆಗೆ ಎಷ್ಟು ಸಮೀಪವೆಂಬುದನ್ನು ಗಮನಿಸಿರಿ. ಸಾಮಾನ್ಯ ಪರೀಕ್ಷೆಯಲ್ಲಿ ಕಿಲೋಗ್ರಾಮಿಗೆ ೨ ವ್ಯಾಟ್ ಮೀರಬಾರದೆಂಬುದು ನಿಯಮ. ರೋಗಿಯ ತೂಕವು ತಿಳಿಯದೆ ಯಂತ್ರವು ಈ ಲೆಕ್ಕವನ್ನು ಮಾಡಲಾರದು. ತೂಕವನ್ನು ತಪ್ಪಾಗಿ ಹೇಳಿದರೆ ಲೆಕ್ಕವೂ ತಪ್ಪುವುದು. ಆದ್ದರಿಂದ ಅಂದಾಜಿನಿಂದ ಹೇಳದೆ, ತೂಗಿಸಿಕೊಂಡೇ ಹೇಳುವುದು ಕ್ಷೇಮ.

ಇನ್ನು ಬಾಗಿಲು. ಶರೀರದಿಂದ ಹಿಂದಿರುಗುವ ಅಲೆಯು ಅತ್ಯಂತ ಕ್ಷೀಣವಾದುದು. ಹಿಂದೆ ದೂರದರ್ಶನಕ್ಕೆ ಕೊಟ್ಟಿದ್ದ ೪೭ರಿಂದ ೬೮ ಮೆಗಾಹರ್ಟ್ಸ್ ಪಟ್ಟಿಯೂ ಇದರ ನೆರೆಯಲ್ಲಿಯೇ ಇದ್ದಿತು. ಹೊರಗಿನ ಗದ್ದಲವು ಒಳನುಗ್ಗಿದರೆ ಚಿತ್ರದಲ್ಲಿ ಗೆರೆಗಳು ಮೂಡಿ, ವೈದ್ಯನ ಕಣ್ಣಿಗೆ ರೋಗವು ಮರೆಯಾಗಬಹುದು. ಅದಕ್ಕಾಗಿ ಕೋಣೆಯ ಸುತ್ತಲೂ ತಾಮ್ರದಂಥ ಲೋಹದ ಹೊದಿಕೆ; ಬಾಗಿಲೂ ಅದಕ್ಕೆ ಅಂಟಿ ಕೂಡಬೇಕು. ಒಳಕ್ಕೆ ಹೋಗುವ ಪ್ರತಿಯೊಂದು ವಿದ್ಯುತ್ ತಂತಿಗೂ ಗೋಡೆಯಲ್ಲಿ ಒಂದು ಶೋಧಕವುಂಟು. ಪ್ರಾಣವಾಯುವಿನ ಕೊಳವೆಗಾದರೋ ಗೋಡೆಯಲ್ಲಿ ಲೋಹದ ನಳಿಗೆಯೊಂದನ್ನು ಮಾತ್ರ ಕೂಡಿಸಿರುವರು: ೬೪ ಮೆಗಾಹರ್ಟ್ಸ್ ಅಲೆಯ ಉದ್ದವು ನಾಲ್ಕೂವರೆ ಮೀಟರಿಗೂ ಮೇಲು, ಕಿರಿದಾದ ನಳಿಗೆಯಲ್ಲಿ ಗಾಳಿಯು ಹೋಗುವುದು, ಅಲೆಯು ಹೋಗಲಾರದು. ಆ ನಳಿಗೆಯೊಳಗೆ ತಂತಿಯೊಂದನ್ನು ತೂರಿಸಿದರೆ ಮಾತ್ರ ಅಲೆಯೂ ಅದನ್ನು ಹಿಡಿದು ಒಳಬರುವುದು. ರ‍್ಯಾಲೇ ಪ್ರಭುವಿನ ಗಣಿತವು ರೋಗಿಯ ಉಸಿರಿಗೆ ಕಾವಲು ನಿಂತ ಬಗೆಯಿದು.

ನಮ್ಮ ನೆರೆಯ ಗೌರಿಬಿದನೂರಿನಲ್ಲಿಯೂ ೧೯೭೬ರಿಂದ ಸಾವಿರ ಡೈಪೋಲುಗಳ ರೇಡಿಯೋ ದೂರದರ್ಶಕವೊಂದು ೩೪.೫ ಮೆಗಾಹರ್ಟ್ಸ್ ಅಲೆಯಲ್ಲಿ ಆಕಾಶದ ನಕ್ಷೆಯನ್ನು ಬರೆಯಿತು. ಅಲ್ಲಿಯೂ ಕ್ಷೀಣವಾದುದನ್ನು ಕೇಳಬೇಕು, ಗದ್ದಲವನ್ನು ಸೋಸಬೇಕು. ನಕ್ಷತ್ರಲೋಕಕ್ಕೂ ನರಗಳಿಗೂ ಕಿವಿಗೊಡುವ ಕ್ರಮವು ಒಂದೇ ಆಗಿರುವುದು.

ಓದುಗರಲ್ಲಿ ಅನೇಕರು ಎಂದಾದರೊಂದು ದಿನ ಆ ಬಾಗಿಲಿನ ಹೊರಗೆ ಕುಳಿತಾರು. ಆಗ ಒಳಗಿರುವ ತಮ್ಮವರನ್ನು ಯಂತ್ರವೊಂದಕ್ಕೆ ಒಪ್ಪಿಸಿದೆವೆಂದು ಭಯಪಡಬೇಕಾದುದಿಲ್ಲ. ಹಲವು ದೇಶಗಳ ಜನರು, ಅವರಲ್ಲಿ ನಮ್ಮ ನಾಡಿನ ತಾಯಿಯೊಬ್ಬರ ಮಗಳೂ ಸೇರಿ, ನೂರು ವರ್ಷಗಳಿಗೂ ಮೀರಿ ಎಣಿಸಿ ಅಳೆದ ಮಿತಿಯೊಂದು ಒಳಗೆ ಕಾಯುತ್ತಿದೆಯೆಂದು ತಿಳಿದರೆ ಸಾಕು.