ಟ್ರಿಂಗ್ ಊರಿನ ಉಯಿಲು: ಆಸ್ತಿಯ ಕಾಗದದಲ್ಲಿ ಪೂರ್ವಜರ ಹುಡುಕಾಟ

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ ಟ್ರಿಂಗ್ ಎಂಬ ಊರಿದೆ. ಅಲ್ಲಿಯ ಆಂಡ್ರ್ಯೂ ನೋಲಿಂಗ್ ಎಂಬಾತ 1650ರ ಜನವರಿಯಲ್ಲಿ ಉಯಿಲು ಬರೆಸಿದ. ಊರಿನಲ್ಲಿದ್ದ ತನ್ನ ಜಮೀನನ್ನು ಲಾರೆನ್ಸ್ ವಾಷಿಂಗ್ಟನ್ ಎಂಬ ಹುಡುಗನಿಗೆ ಬಿಟ್ಟ. ಆ ಹುಡುಗನ ಜ್ಞಾನಸ್ನಾನದ ಹೊತ್ತಿನಲ್ಲಿ ಧರ್ಮಪಿತನಾಗಿ ನಿಂತವನು ಇವನೇ. ಹುಡುಗನ ತಾಯಿ ಆಂಫಿಲಿಸ್‌ಳನ್ನೂ ಅವಳ ಉಳಿದ ಮಕ್ಕಳಾದ ಎಲಿಜಬೆತ್, ಜಾನ್, ವಿಲಿಯಂ, ಮಾರ್ಗರೆಟ್, ಮಾರ್ಥಾ ಇವರನ್ನೂ ಹೆಸರು ಹಿಡಿದು ನೆನೆದ. ಅಷ್ಟೇ. ಉಯಿಲಿನಲ್ಲಿ ವಂಶದ ಬಡಾಯಿಯಿಲ್ಲ. ಆದರೂ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ನ ಮೂಲ ಯಾವುದೆಂಬ ಸುಮಾರು ನೂರು ವರ್ಷದ ತಗಾದೆ ಬಗೆಹರಿದದ್ದು ಈ ಕಾಗದ ಸಿಕ್ಕ ಮೇಲೆ.

ವಸಾಹತು ಕಾಲದ ಅಮೆರಿಕದ ಪೂರ್ವಜರನ್ನು ಹುಡುಕುವ ವಿದ್ಯೆ ಬೆಳೆದ ದಾರಿಯೂ ಇದೇ. ಬಿರುದು ಬಾವಲಿಗಳಿಂದ ಹೊರಟು ಅದು ಉಯಿಲು, ಕ್ರಯಪತ್ರ, ಪಾಲುಪಟ್ಟಿಗಳ ಬಳಿಗೆ ಬಂತು. ವಂಶದ ಹೆಮ್ಮೆಗೆ ಬರೆದದ್ದಕ್ಕಿಂತ ಆಸ್ತಿಯ ಸಲುವಾಗಿ ಬರೆದದ್ದು ನಂಬಿಕಸ್ಥ ಎಂಬುದು ಈ ಹಾದಿಯಲ್ಲಿ ಕಲಿತ ಮೊದಲ ಪಾಠ. ಆಸ್ತಿಯ ಕಾಗದ ಆಸ್ತಿಯ ಕಣ್ಣಿನಿಂದಲೇ ನೋಡುತ್ತದೆ ಎಂಬುದು ತಡವಾಗಿ ಕಲಿತ ಎರಡನೆಯ ಪಾಠ.

ಬಿರುದಿನ ಕಾಲ

ನಮ್ಮಲ್ಲಿ ಹೆಳವರು ಎತ್ತು ಗಾಡಿ ಹೂಡಿಕೊಂಡು ಬಂದು, ಮನೆತನದ ಹೆಸರುಗಳನ್ನು ತಲೆಮಾರುಗಟ್ಟಲೆ ಒಪ್ಪಿಸಿ, ದವಸ ಪಡೆದು ಹೋಗುವ ಪದ್ಧತಿಯಿದೆ. ಅಮೆರಿಕಕ್ಕೆ ಹಡಗು ಹತ್ತಿ ಬಂದವರ ಬೆನ್ನಿಗೆ ಹೆಳವರು ಬರಲಿಲ್ಲ. ಅವರ ಹೆಸರು ಕಾಯ್ದದ್ದು ಕೌಂಟಿ ಕೋರ್ಟಿನ ಗುಮಾಸ್ತ.

ಆ ಗುಮಾಸ್ತನ ದಫ್ತರದ ಕಡೆಗೆ ಮೊದಮೊದಲು ಯಾರೂ ತಿರುಗಿ ನೋಡಲಿಲ್ಲ. 1791ರಲ್ಲಿ ಲಂಡನ್ನಿನ ರಾಜಲಾಂಛನಾಧಿಕಾರಿ ಸರ್ ಐಸಾಕ್ ಹರ್ಡ್, ಅಧ್ಯಕ್ಷ ವಾಷಿಂಗ್ಟನ್‌ಗೆ ಪತ್ರ ಬರೆದು ಅವನ ಕುಲದ ವಿವರ ಕೇಳಿದ. ಈ ವಿಷಯಕ್ಕೆ ತಾನು ಹೆಚ್ಚು ಗಮನ ಕೊಟ್ಟವನಲ್ಲವೆಂದು ಹೇಳಿಕೊಂಡೇ ವಾಷಿಂಗ್ಟನ್ 1792ರಲ್ಲಿ ಗೊತ್ತಿದ್ದಷ್ಟನ್ನು ಬರೆದು ಕಳಿಸಿದ. ವರ್ಜೀನಿಯಾಕ್ಕೆ ಬಂದ ಮುತ್ತಜ್ಜನ ಹೆಸರು ಜಾನ್, ಅವನ ತಮ್ಮ ಲಾರೆನ್ಸ್. ಹರ್ಡ್ ತನ್ನ ಪಟ್ಟಿಗಳಲ್ಲಿ ಹುಡುಕಿದ. ಇಂಗ್ಲೆಂಡಿನ ಸಲ್‌ಗ್ರೇವ್ ಊರಿನ ವಾಷಿಂಗ್ಟನ್ ಮನೆತನದಲ್ಲಿ ಜಾನ್, ಲಾರೆನ್ಸ್ ಎಂಬ ಅಣ್ಣತಮ್ಮಂದಿರು ಸಿಕ್ಕರು. ಹೆಸರು ಕೂಡಿತು, ವಂಶವೃಕ್ಷ ಸಿದ್ಧವಾಯಿತು. ಮುಂದಿನ ಚರಿತ್ರೆಕಾರರು ಅದನ್ನೇ ಎತ್ತಿ ಬರೆದರು.

1845ರಲ್ಲಿ ಬಾಸ್ಟನ್ನಿನಲ್ಲಿ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ಹುಟ್ಟಿತು, 1847ರಲ್ಲಿ ಅದರ ಪತ್ರಿಕೆ ಹೊರಟಿತು. ಹಳೆಯ ದಾಖಲೆಗಳನ್ನು ನಕಲು ಮಾಡಿ ಅಚ್ಚು ಹಾಕುವ ಶಿಸ್ತು ಇಲ್ಲಿಂದ ಬೆಳೆಯಿತು. ಲಂಡನ್ನಿನಲ್ಲಿ ನೆಲೆಸಿ ಉಯಿಲುಗಳಲ್ಲೂ ಚರ್ಚಿನ ರಿಜಿಸ್ಟರುಗಳಲ್ಲೂ ಮುಳುಗಿದ್ದ ಅಮೆರಿಕನ್ ಜೋಸೆಫ್ ಚೆಸ್ಟರ್, 1866ರಲ್ಲಿ ಹರ್ಡ್‌ನ ವಂಶವೃಕ್ಷವನ್ನು ಕೆಡವಿದ. ಆ ಜಾನ್ ಸರ್ ಪದವಿ ಪಡೆದು ಇಂಗ್ಲೆಂಡಿನಲ್ಲೇ ಉಳಿದವನು. ಆ ಲಾರೆನ್ಸ್ ಪಾದ್ರಿಯಾದವನು. ಇಬ್ಬರೂ ವರ್ಜೀನಿಯಾಕ್ಕೆ ಹೋದವರಲ್ಲ.

ಗಂಟು ಬಿಡಿಸಿದವನು ಹೆನ್ರಿ ವಾಟರ್ಸ್. 1883ರಿಂದ ಸೊಸೈಟಿಯ ಪರವಾಗಿ ಲಂಡನ್ನಿನಲ್ಲಿ ಕೂತು ಉಯಿಲಿನ ಮೇಲೆ ಉಯಿಲು ಓದುತ್ತಿದ್ದ ಅವನು, ಯಾವುದೋ ಒಂದೇ ಹೆಸರಿನ ಬೆನ್ನು ಹತ್ತಲಿಲ್ಲ. ಅಮೆರಿಕದ ಸುಳಿವಿದ್ದದ್ದನ್ನೆಲ್ಲ ಆಯ್ದುಕೊಂಡ. ನೋಲಿಂಗ್‌ನ ಉಯಿಲು ಕೈಗೆ ಸಿಕ್ಕಿದ್ದು ಹೀಗೆ. 1889ರಲ್ಲಿ ತನ್ನ ತೀರ್ಮಾನ ಪ್ರಕಟಿಸಿದ. ಹರ್ಡ್ ವಲಸೆಗಾರನೆಂದು ಎಣಿಸಿದ್ದ ಪಾದ್ರಿ ಲಾರೆನ್ಸ್ ನಿಜಕ್ಕೂ ವಲಸೆಗಾರರ ಅಪ್ಪ. ಇಂಗ್ಲೆಂಡಿನ ಅಂತರ್ಯುದ್ಧದ ಗಲಾಟೆಯಲ್ಲಿ, ರಾಜನ ಕಡೆಯವನೆಂದೂ ಹೆಂಡದಂಗಡಿ ಬಿಡದವನೆಂದೂ ಆರೋಪ ಹೊತ್ತು 1643ರಲ್ಲಿ ಚರ್ಚು ಕಳೆದುಕೊಂಡವನು. ಅವನ ಹೆಂಡತಿ ಆಂಫಿಲಿಸ್. ಹರ್ಡ್ ಹಿಡಿದ ಮನೆ ಸರಿಯಾಗಿತ್ತು, ತಲೆಮಾರು ತಪ್ಪಿತ್ತು.

ಕೊಂಡಿ ಕೂಡಿಸಿದ್ದು ತಂಗಿಯ ಹೆಸರು. 1675ರಲ್ಲಿ ಬರೆದ ವರ್ಜೀನಿಯಾದ ಜಾನ್‌ನ ಉಯಿಲಿನಲ್ಲಿ ತಂಗಿ ಮಾರ್ಥಾಳ ಹಡಗಿನ ಖರ್ಚಿನ ಮಾತಿದೆ. ಅವಳಿಗೆ ನಾಲ್ಕು ಸಾವಿರ ಪೌಂಡ್ ತೂಕದ ತಂಬಾಕು ಕೊಡಬೇಕೆಂದಿದೆ. ಅಲ್ಲಿ ತಂಬಾಕೇ ಹಣವಾಗಿ ಓಡಾಡುತ್ತಿದ್ದ ಕಾಲ. 1697ರ ಮಾರ್ಥಾಳ ಉಯಿಲಿನಲ್ಲಿ ಅಕ್ಕಂದಿರಾದ ಎಲಿಜಬೆತ್, ಮಾರ್ಗರೆಟ್ ಬರುತ್ತಾರೆ. ಟ್ರಿಂಗ್‌ನ ಕಾಗದದಲ್ಲಿರುವುದೂ ಅದೇ ಹೆಸರುಗಳು. ಒಂದು ಹೆಸರು ಎಲ್ಲಿ ಬೇಕಾದರೂ ಹೊಂದೀತು. ಒಡಹುಟ್ಟಿದವರ ಗುಂಪು ಪೂರ್ತಿ ಹೊಂದುವುದು ಅಪರೂಪ.

ಓದುವ ಕಲೆ

ಇಂಥ ಕಾಗದ ಓದಲು ಅಕ್ಷರ ಬಂದರೆ ಸಾಲದು. ನೋಲಿಂಗ್‌ನ ಉಯಿಲಿನಲ್ಲಿ ಇಸವಿ 1649 ಎಂದಿದೆ. ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ 1752ಕ್ಕೆ ಮುಂಚೆ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ರಂದು. ಹಾಗಾಗಿ ಆ ಜನವರಿ ನಮ್ಮ ಲೆಕ್ಕಕ್ಕೆ 1650. ಅದೇ ಉಯಿಲು ಆಂಫಿಲಿಸ್‌ಳನ್ನು ಕರೆಯುವುದು ‘ಡಾಟರ್ ಇನ್ ಲಾ’ ಎಂದು. ಇಂದಿನ ಅರ್ಥ ಹಿಡಿದರೆ ನೋಲಿಂಗ್‌ಗೆ ಇಲ್ಲದ ಮಗನೊಬ್ಬನನ್ನು ಹುಟ್ಟಿಸಬೇಕಾಗುತ್ತದೆ. ಆಗ ಆ ಮಾತಿಗೆ ಮಲಮಗಳು ಎಂಬ ಅರ್ಥವೂ ಇತ್ತು. ನೋಲಿಂಗ್ ಅವಳ ತಾಯಿಯನ್ನು ಮದುವೆಯಾದವನು. ಮಗನ ಹೆಂಡತಿಯನ್ನೂ ಸೋದರಿಯ ಮಗಳನ್ನೂ ಸೊಸೆ ಎನ್ನುವ ನಮಗೆ ಈ ತೊಡಕು ಬೇಗ ತಿಳಿಯುತ್ತದೆ.

ಉಯಿಲು ಮಕ್ಕಳ ಹಾಜರಿ ಪಟ್ಟಿಯಲ್ಲ. ಮದುವೆಯಲ್ಲಿ ಪಾಲು ಪಡೆದು ಹೋದ ಮಗಳ ಹೆಸರು ಅದರಲ್ಲಿ ಇಲ್ಲದಿರಬಹುದು. ಒಂದು ಶಿಲಿಂಗ್ ಪಡೆದ ಮಗ ಅಪ್ಪನ ಮುನಿಸಿಗೆ ಗುರಿಯಾದವನೇ ಆಗಬೇಕಿಲ್ಲ. ಅವನಿಗೆ ಮೊದಲೇ ಸಂದಿರಬಹುದು. ಅಪ್ಪ ಉಯಿಲಿಲ್ಲದೆ ಸತ್ತರೆ ನ್ಯೂ ಇಂಗ್ಲೆಂಡಿನ ಬಹುತೇಕ ಕಡೆ ಹಿರಿಮಗನಿಗೆ ಎರಡು ಪಾಲು. ವರ್ಜೀನಿಯಾದಲ್ಲಿ 1785ರಲ್ಲಿ ಕಾನೂನು ಬದಲಾಗುವ ತನಕ ಜಮೀನೆಲ್ಲ ಹಿರಿಮಗನಿಗೇ. ಆದ್ದರಿಂದ ಅಲ್ಲಿ ಒಬ್ಬ ಜಮೀನು ಮಾರಿದ ಪತ್ರವಿದ್ದು, ಅದನ್ನು ಕೊಂಡ ಪತ್ರ ಎಲ್ಲೂ ಸಿಗದಿದ್ದರೆ ಅನುಭವಿ ಹುಡುಕಾಟಗಾರನ ಕಿವಿ ನಿಮಿರುತ್ತದೆ: ಇದು ಅಪ್ಪನಿಂದ ಬಂದ ನೆಲವಿರಬೇಕು. ಪತ್ರ ಇಲ್ಲದಿರುವುದೇ ಇಲ್ಲಿ ಸುಳಿವು.

ಕ್ರಯಪತ್ರದ ಬಾಲದಲ್ಲಿ ಹೆಂಗಸರು ಸಿಗುತ್ತಾರೆ. ಗಂಡನ ಜಮೀನಿನ ಮೂರನೆಯ ಒಂದು ಪಾಲಿನ ಅನುಭೋಗ ವಿಧವೆಗೆ ಜೀವಮಾನ ಪೂರ್ತಿ ಸಲ್ಲುತ್ತಿತ್ತು. ಗಂಡ ಜಮೀನು ಮಾರಿದಾಗ ಅವಳು ಆ ಹಕ್ಕು ಬಿಟ್ಟುಕೊಡಬೇಕು. ಅದು ಬಲವಂತವಲ್ಲ ತಾನೇ ಎಂದು ನ್ಯಾಯಾಧಿಕಾರಿಗಳು ಗಂಡನನ್ನು ದೂರ ಇರಿಸಿ ಅವಳನ್ನು ಕೇಳಬೇಕು. ಎಷ್ಟೋ ಹೆಂಗಸರ ಹೆಸರು ಉಳಿದಿರುವುದು ಈ ಒಂದು ಸಾಲಿನಲ್ಲಿ. ಕ್ರಯಕ್ಕೆ ಕೆಲವು ಕಡೆ ಎರಡು ಪತ್ರ: ಇವತ್ತು ಗೇಣಿಗೆ ಕೊಟ್ಟಂತೆ ಒಂದು, ನಾಳೆ ಹಕ್ಕು ಬಿಟ್ಟಂತೆ ಇನ್ನೊಂದು. ಗೇಣಿಯ ಪತ್ರದಲ್ಲಿ ಬಾಡಿಗೆ ಒಂದೇ ಒಂದು ಕಾಳುಮೆಣಸು, ಅದೂ ಕೇಳಿದರೆ ಮಾತ್ರ! ಮೊದಲ ಪತ್ರವನ್ನಷ್ಟೇ ನೋಡಿದವನು ಅಜ್ಜನನ್ನು ಗೇಣಿದಾರನೆಂದು ಬರೆದುಬಿಡುತ್ತಾನೆ. ಚಕ್ಕುಬಂದಿಯಲ್ಲಿರುವ ನೆರೆಯವನು, ಸಾಕ್ಷಿ ಹಾಕಿದವನು, ಮುಚ್ಚಳಿಕೆಗೆ ಜಾಮೀನು ನಿಂತವನು, ಸತ್ತವನ ಸಾಮಾನಿನ ಹರಾಜಿನಲ್ಲಿ ಹಾಸಿಗೆ ಕೊಂಡವನು ಇವರೆಲ್ಲ ಅನೇಕ ಸಲ ಬೀಗರೋ ಭಾವಮೈದುನರೋ ಆಗಿರುತ್ತಾರೆ.

ನಕಲಿಗೆ ಮದ್ದು

ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಂಶದ ಹುಚ್ಚು ಅಮೆರಿಕದಲ್ಲಿ ವ್ಯಾಪಾರವಾಯಿತು. ಸ್ವಾತಂತ್ರ್ಯ ಸಮರದಲ್ಲಿ ದುಡಿದವರ ಸಂತತಿಗೆ ಮಾತ್ರ ಪ್ರವೇಶವಿದ್ದ ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್‌ನಂಥ ಸಂಘಗಳು ಹುಟ್ಟಿದವು; ಡಾಟರ್ಸ್ ಸಂಘ ಹುಟ್ಟಿದ್ದು 1890ರಲ್ಲಿ. ಬೇಡಿಕೆ ಇದ್ದ ಕಡೆ ಸರಕು ಬಂತು. ಗುಸ್ತಾವ್ ಆಂಜೂ ಎಂಬಾತ ಶ್ರೀಮಂತ ಮನೆತನಗಳಿಗೆ ಬೇಕಾದ ಪೂರ್ವಜರನ್ನು ಒದಗಿಸಿ ಕೊಡುವುದನ್ನೇ ಕಸುಬು ಮಾಡಿಕೊಂಡ. ನಿಜವಾದ ಉಯಿಲುಗಳ ನಡುವೆ ಇಲ್ಲದ ಉಯಿಲುಗಳನ್ನು ಸೇರಿಸುವುದು ಅವನ ಜಾಣತನ. ಆ ವಂಶಾವಳಿಗಳು ಗ್ರಂಥಾಲಯಗಳ ಕಪಾಟು ಸೇರಿ ಇಂದಿಗೂ ಜನರ ದಾರಿ ತಪ್ಪಿಸುತ್ತಿವೆ.

ಇದಕ್ಕೆ ಎದುರು ನಿಂತವನು ಕನೆಕ್ಟಿಕಟ್‌ನ ಡೊನಾಲ್ಡ್ ಲೈನ್ಸ್ ಜೇಕೋಬಸ್. 1922ರಲ್ಲಿ ಅವನು ಆರಂಭಿಸಿದ ಪತ್ರಿಕೆ ಮುಂದೆ ‘ದಿ ಅಮೆರಿಕನ್ ಜೀನಿಯಲಾಜಿಸ್ಟ್’ ಆಯಿತು. ಮೂಲ ದಾಖಲೆಯ ಆಧಾರವಿಲ್ಲದ ಪೂರ್ವಜನನ್ನು ಅವನು ಒಪ್ಪುತ್ತಿರಲಿಲ್ಲ. 1964ರಲ್ಲಿ ವೃತ್ತಿನಿರತರಿಗೆ ಪ್ರಮಾಣಪತ್ರ ಕೊಡುವ ಮಂಡಳಿ ಬಂತು. ಎಲಿಜಬೆತ್ ಶೋನ್ ಮಿಲ್ಸ್ ಅವರ ‘ಎವಿಡೆನ್ಸ್ ಎಕ್ಸ್‌ಪ್ಲೇನ್ಡ್’ 2007ರಲ್ಲಿ ಹೊರಬಂದು ದಾಖಲೆಯನ್ನು ಉಲ್ಲೇಖಿಸುವ, ತೂಗುವ ಕ್ರಮವನ್ನು ವಿವರವಾಗಿ ಹೇಳಿಕೊಟ್ಟಿತು.

ಇತ್ತ ಕಾಗದವೇ ಮೊದಲಿನಿಂದ ಕರಗುತ್ತ ಬಂದಿತ್ತು. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೈನ್ಯ ರಿಚ್‌ಮಂಡ್ ನಗರ ಬಿಟ್ಟು ಓಡುವಾಗ ಬಿದ್ದ ಬೆಂಕಿಯಲ್ಲಿ ವರ್ಜೀನಿಯಾದ ಹಲವು ಕೌಂಟಿಗಳ ದಫ್ತರ ಸುಟ್ಟುಹೋಯಿತು. ಸುರಕ್ಷಿತವಾಗಿರಲಿ ಎಂದೇ ರಾಜಧಾನಿಗೆ ಕಳಿಸಿದ್ದ ಕಾಗದಗಳವು. 1894ರಲ್ಲಿ ಸ್ಥಾಪನೆಯಾದ ಯೂಟಾ ಜೀನಿಯಲಾಜಿಕಲ್ ಸೊಸೈಟಿ 1938ರಿಂದ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡತೊಡಗಿತು. ಕೌಂಟಿಯಿಂದ ಕೌಂಟಿಗೆ ಅಲೆಯುತ್ತಿದ್ದವರಿಗೆ ಒಂದೇ ಕೋಣೆಯಲ್ಲಿ ಹತ್ತು ಕೋರ್ಟು ಸಿಕ್ಕಂತಾಯಿತು.

ಆಸ್ತಿಯಾಗಿದ್ದ ಮನುಷ್ಯರು

ಉಯಿಲು ಮಾತ್ರವಲ್ಲ, ಉಯಿಲಿನ ಜೊತೆಗಿನ ಸಾಮಾನು ಪಟ್ಟಿಗೂ ಬೆಲೆ ಬಂದದ್ದು 1970ರ ದಶಕದಲ್ಲಿ. ಮನೆಯ ಯಜಮಾನ ಸತ್ತರೆ ಕೋರ್ಟು ನೇಮಿಸಿದ ನೆರೆಹೊರೆಯವರು ಬಂದು ಬಾಣಲೆ, ಚಮಚೆ, ಹಾಸಿಗೆ, ಹಸು ಎಲ್ಲಕ್ಕೂ ಬೆಲೆ ಕಟ್ಟಿ ಬರೆಯುತ್ತಿದ್ದರು. ನಮ್ಮ ಮಹಜರಿನಂತೆಯೇ. ಅರ್ಥಶಾಸ್ತ್ರಜ್ಞೆ ಆಲಿಸ್ ಹ್ಯಾನ್ಸನ್ ಜೋನ್ಸ್ 1774ರ ಕಾಲದ 919 ಪಟ್ಟಿಗಳನ್ನು ಆಧರಿಸಿ ವಸಾಹತುಗಳ ಸಂಪತ್ತು ಅಳೆದರು.

ಆ ಪಟ್ಟಿಗಳಲ್ಲಿ ದಕ್ಷಿಣಕ್ಕೆ ಇಳಿದಂತೆ ಹಸುಗಳ ಮೇಲೋ ಕೆಳಗೋ ಮನುಷ್ಯರ ಹೆಸರು ಬರುತ್ತದೆ, ಎದುರಿಗೆ ಬೆಲೆ. 1976ರಲ್ಲಿ ಅಲೆಕ್ಸ್ ಹೇಲಿ ತನ್ನ ವಂಶದ ಕಥೆ ಹೇಳಿದ ‘ರೂಟ್ಸ್’ ಪುಸ್ತಕ ಬಂದ ಮೇಲೆ ಕರಿಯ ಅಮೆರಿಕನ್ನರು ತಮ್ಮವರನ್ನು ಹುಡುಕಿಕೊಂಡು ಈ ಪಟ್ಟಿಗಳ ಬಳಿಗೆ ಬಂದರು. ಗುಲಾಮಗಿರಿಯಲ್ಲಿದ್ದವರೆಲ್ಲರ ಹೆಸರು ಉಳಿದವರ ಹೆಸರಿನಂತೆ ಜನಗಣತಿಯಲ್ಲಿ ಬಂದದ್ದು 1870ರಲ್ಲಿ. ಅದಕ್ಕಿಂತ ಹಿಂದೆ ಹೋಗಬೇಕಾದರೆ ಒಡೆಯನ ಉಯಿಲೇ ಗತಿ. ಹೇಲಿಯೂ ವರ್ಜೀನಿಯಾದ ವಾಲರ್ ಮನೆತನದ 1768ರ ಪತ್ರವನ್ನು ನಂಬಿದ್ದ. ಅದರಲ್ಲಿ ಟೋಬಿ ಎಂಬ ಗುಲಾಮನ ಹೆಸರಿತ್ತು; ತನ್ನ ಪೂರ್ವಜ ಕುಂಟಾ ಕಿಂಟೆ ಅವನೇ ಎಂದು ಹೇಲಿ ಹೇಳಿದ. 1981ರಲ್ಲಿ ಗ್ಯಾರಿ ಮಿಲ್ಸ್, ಎಲಿಜಬೆತ್ ಮಿಲ್ಸ್ ದಂಪತಿ ಅದೇ ಕೌಂಟಿಯ ದಾಖಲೆ ತೆಗೆದು ನೋಡಿದರು. ಕುಂಟಾ ಕಿಂಟೆ ಹಡಗಿಳಿದನೆಂದು ಹೇಲಿ ಹೇಳುವುದು 1767ರಲ್ಲಿ. ಟೋಬಿ 1762ರಲ್ಲೇ ಅಲ್ಲಿದ್ದ. ಕಥೆಯ ಬಲ ಕಥೆಗೆ ಇದ್ದೇ ಇದೆ, ಆದರೆ ಒಂದೇ ಕಾಗದದ ಮೇಲೆ ವಂಶ ನಿಲ್ಲಿಸಬಾರದೆಂಬುದು ಎಲ್ಲರಿಗೂ ಮನದಟ್ಟಾಯಿತು.

ವಾಷಿಂಗ್ಟನ್‌ನ ಮನೆಗೇ ಮರಳಿ ಬನ್ನಿ. ಅವನ ಹೆಂಡತಿ ಮಾರ್ಥಾಳ ಮೊದಲ ಗಂಡ ಡೇನಿಯಲ್ ಕಸ್ಟಿಸ್ 1757ರಲ್ಲಿ ಉಯಿಲಿಲ್ಲದೆ ತೀರಿಕೊಂಡ. ಮೂರನೆಯ ಒಂದು ಪಾಲು ವಿಧವೆಗೆ ಬಂತು, ಜೀವವಿರುವ ತನಕದ ಅನುಭೋಗಕ್ಕೆ. ಆ ಪಾಲಿನಲ್ಲಿ ಗುಲಾಮರಿದ್ದರು. 1799ರಲ್ಲಿ ವಾಷಿಂಗ್ಟನ್ ಉಯಿಲು ಬರೆಯುವಾಗ ಮೌಂಟ್ ವರ್ನನ್‌ನಲ್ಲಿದ್ದ 317 ಗುಲಾಮರ ಪಟ್ಟಿ ಮಾಡಿದ. ಮಾರ್ಥಾಳ ಕಾಲಾನಂತರ ತನ್ನ 123 ಮಂದಿಗೆ ಬಿಡುಗಡೆ ಎಂದು ಬರೆದ. ಕಸ್ಟಿಸ್ ಪಾಲಿನ 153 ಮಂದಿಯನ್ನು ಬಿಡಲು ಅವನಿಗೆ ಹಕ್ಕಿರಲಿಲ್ಲ. ಎರಡು ಪಾಲಿನವರೂ ತಮ್ಮತಮ್ಮಲ್ಲಿ ಮದುವೆಯಾಗಿದ್ದರು. ಆ ಪಟ್ಟಿಯಲ್ಲಿ ಗಂಡನ ಹೆಸರು ಒಂದು ಕಾಲಮಿನಲ್ಲಿ, ಹೆಂಡತಿಯದು ಇನ್ನೊಂದರಲ್ಲಿ. ನಲವತ್ತೆರಡು ವರ್ಷ ಹಿಂದೆ ಬರೆಯದೆ ಬಿಟ್ಟ ಒಂದು ಉಯಿಲಿನ ಫಲ ಅದು.

ಯಂತ್ರ ಓದುವ ಕಾಲ

ಯೂಟಾ ಸಂಸ್ಥೆಯ ಇಂದಿನ ರೂಪವಾದ ಫ್ಯಾಮಿಲಿಸರ್ಚ್ 2021ರಲ್ಲಿ ತನ್ನ 24 ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳ ಡಿಜಿಟಲೀಕರಣ ಮುಗಿಸಿತು. 2024ರಲ್ಲಿ ಕೈಬರಹವನ್ನು ಯಂತ್ರವೇ ಓದಿ ಪ್ರತಿ ಪದವನ್ನೂ ಹುಡುಕಲು ಬಿಡುವ ಸೌಲಭ್ಯ ತಂದಿತು. ಮೊದಲು ತೆರೆದ ಕಡತಗಳಲ್ಲಿ ಅಮೆರಿಕದ ಜಮೀನು ಮತ್ತು ಉಯಿಲಿನ ದಾಖಲೆಗಳಿದ್ದವು. ಈ ಮೊದಲು ಸೂಚಿಯಲ್ಲಿದ್ದದ್ದು ಉಯಿಲು ಬರೆಸಿದವನ ಹೆಸರು, ಕೊಟ್ಟವನ ಮತ್ತು ಕೊಂಡವನ ಹೆಸರು. ಈಗ ಸಾಕ್ಷಿ, ನೆರೆಯವನು, ಹರಾಜಿನ ಗಿರಾಕಿ, ಬೆಲೆ ಕಟ್ಟಿಸಿಕೊಂಡ ಗುಲಾಮಳು ಕೂಡ ಹುಡುಕಿದರೆ ಸಿಗುತ್ತಾರೆ. ಈ ಕ್ಷೇತ್ರದಲ್ಲಿ ಮೈಕ್ರೋಫಿಲ್ಮ್ ಬಂದ ಮೇಲೆ ಆದ ದೊಡ್ಡ ಬದಲಾವಣೆ ಇದೇ ಎಂದರೆ ತಪ್ಪಾಗದು.

ಆದರೆ ಯಂತ್ರ ಹೆಸರು ತೋರಿಸುತ್ತದೆ, ಸಂಬಂಧ ತೋರಿಸುವುದಿಲ್ಲ. ‘ಡಾಟರ್ ಇನ್ ಲಾ’ ಎಂದರೆ ಯಾರು, ಇಸವಿ ಯಾವುದು, ಹಿರಿಮಗನ ಹೆಸರು ಯಾಕಿಲ್ಲ ಎಂಬುದನ್ನು ಓದುವವರೇ ಬಿಡಿಸಿಕೊಳ್ಳಬೇಕು. ಹೆಸರು ಕೂಡಿದ ಕೂಡಲೇ ವಂಶವೃಕ್ಷ ಬರೆದ ಹರ್ಡ್‌ನ ತಪ್ಪನ್ನು ಇಂದು ಒಂದು ಕ್ಲಿಕ್ಕಿನಲ್ಲಿ ಸಾವಿರ ಮಂದಿ ಮಾಡಬಹುದು. ಅದಕ್ಕೇ ಹುಡುಕಲು ಹೊರಟವರಿಗೆ ಹಳೆಯ ಬುದ್ಧಿಮಾತೇ ಸರಿ: ಪುಟವನ್ನು ಪೂರ್ತಿ ಓದಿ, ಹಿಂದಿನ ಪುಟವನ್ನೂ ಓದಿ, ನಿಮ್ಮ ಮನೆತನದವರಲ್ಲದವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಜಾರ್ಜ್ ವಾಷಿಂಗ್ಟನ್‌ನ ಮೂಲ ತೋರಿಸಿಕೊಟ್ಟ ಆಂಡ್ರ್ಯೂ ನೋಲಿಂಗ್ ವಾಷಿಂಗ್ಟನ್ ಮನೆತನದವನಾಗಿರಲಿಲ್ಲ.