ಕಾಣದ ಚಿತ್ರದ ಚರಿತ್ರೆ

ಕಚೇರಿಯ ಇಮೇಲ್‌ನಲ್ಲಿ ಚಿತ್ರವಿರಬೇಕಾದ ಜಾಗದಲ್ಲಿ ಖಾಲಿ ಚೌಕವೂ ಅದರ ಮೂಲೆಯಲ್ಲೊಂದು ಕೆಂಪು ಗುಣಾಕಾರ ಚಿಹ್ನೆಯೂ ಕಂಡರೆ ಅದನ್ನು ಯಂತ್ರದ ದೋಷವೆಂದೇ ಬಗೆಯುವುದು ವಾಡಿಕೆ. ಆದರೆ ಆ ಚೌಕದ ಹಿಂದೆ ನಾಲ್ಕು ದಶಕಗಳ ತಾಂತ್ರಿಕ ನಿರ್ಧಾರಗಳಿವೆ, ಅವುಗಳಲ್ಲಿ ಕೆಲವನ್ನು ಓದುಗರ ರಕ್ಷಣೆಗೆಂದು ಬೇಕೆಂದೇ ಕೈಗೊಳ್ಳಲಾಗಿತ್ತು.

1982ರಲ್ಲಿ ಅಂತರ್ಜಾಲದ ಅಂಚೆ ಸಾಗಾಟಕ್ಕೆ ಎಸ್‌ಎಂಟಿಪಿ ಎಂಬ ನಿಯಮಾವಳಿ ರೂಪುಗೊಂಡಾಗ ಪತ್ರವೆಂದರೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ವಿರಾಮಚಿಹ್ನೆಗಳ ಸಾಲುಗಳು ಮಾತ್ರ ಎಂಬ ಗ್ರಹಿಕೆಯಿತ್ತು. ಒಂದು ಅಕ್ಷರಕ್ಕೆ 7 ಬಿಟ್, ಅಂದರೆ ಸೊನ್ನೆ ಇಲ್ಲವೆ ಒಂದು ಎಂಬ ಏಳು ಗುರುತುಗಳು ಸಾಕಾಗಿದ್ದವು. ಚಿತ್ರದ ಕಡತಕ್ಕಾದರೋ ಪ್ರತಿ ಬೈಟಿನ 8 ಬಿಟ್‌ಗಳೂ ಬೇಕು, ಎಂಟನೆಯದು ದಾರಿಯಲ್ಲಿ ಅಳಿದರೆ ಚಿತ್ರವೇ ಕೆಟ್ಟುಹೋಗುತ್ತದೆ. ಏಳು ಬಿಟ್‌ಗಳಿಂದ ಸಿಗುವ 128 ಸಂಕೇತಗಳಲ್ಲಿ ಕನ್ನಡದಂಥ ಲಿಪಿಗಳಿಗೂ ಸ್ಥಾನವಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಇದಕ್ಕೆ ಮೊದಲು ಸಿಕ್ಕ ಉಪಾಯ ಕಡತವನ್ನು ಅಕ್ಷರಗಳ ವೇಷದಲ್ಲಿ ಸಾಗಿಸುವುದು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೇರಿ ಆ್ಯನ್ ಹಾರ್ಟನ್ 1980ರಲ್ಲಿ ರಚಿಸಿದ ಯುಯುಎನ್‌ಕೋಡ್ ಎಂಬ ತಂತ್ರಾಂಶವು ಮೊದಲ ಸಾಲಿನಲ್ಲಿ ‘ಬಿಗಿನ್’ ಎಂಬ ಪದವನ್ನೂ ಕಡತದ ಹೆಸರನ್ನೂ ಬರೆದು, ಅದರ ಕೆಳಗೆ ಅರ್ಥವಿಲ್ಲದಂತೆ ತೋರುವ ಅಕ್ಷರಗಳ ಉದ್ದ ರಾಶಿಯನ್ನು ಇಡುತ್ತಿತ್ತು. ಒಂದೊಂದು ಸಾಲೂ 45 ಬೈಟ್‌ಗಳನ್ನು ಹೊರುತ್ತಿದ್ದುದರಿಂದ ಕೊನೆಯದನ್ನು ಬಿಟ್ಟು ಎಲ್ಲವೂ ಇಂಗ್ಲಿಷಿನ ‘ಎಂ’ ಅಕ್ಷರದಿಂದಲೇ ಶುರುವಾಗುತ್ತಿದ್ದವು. ಈ ಸಂಕೇತಮಾಲೆಯಲ್ಲಿ ಖಾಲಿ ಜಾಗವೂ ಒಂದು ಅಕ್ಷರವಾಗಿತ್ತು. ಸಾಲಿನ ತುದಿಯ ಖಾಲಿ ಜಾಗವನ್ನು ಯಾವುದಾದರೊಂದು ಅಂಚೆ ಯಂತ್ರ ಕತ್ತರಿಸಿದರೆ ಸಂಕೇತದ ಒಂದು ಭಾಗವೇ ಕಳೆದುಹೋಗುತ್ತಿತ್ತು.

ನೆಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ರೂಪಿಸಿದ ಮೈಮ್ ಮಾನದಂಡವು ಈ ಸ್ಥಿತಿಯನ್ನು ಬದಲಿಸಿತು. 1992ರ ಮಾರ್ಚ್ 11ರಂದು ಬೋರೆನ್‌ಸ್ಟೀನ್ ಕಳುಹಿಸಿದ ಪತ್ರದಲ್ಲಿ ಅವರೂ ಸೇರಿದಂತೆ ನಾಲ್ವರು ಹಾಡುಗಾರರ ಭಾವಚಿತ್ರವೂ ಅವರ ಹಾಡಿನ ಧ್ವನಿಮುದ್ರಣವೂ ಇದ್ದವು. ಮೈಮ್ ಪತ್ರವನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದ ತಲೆಯಲ್ಲಿ ಅದು ಯಾವ ಬಗೆಯದೆಂದು ಬರೆಯಿತು. ಚಿತ್ರಗಳಿಗಾಗಿ ಬೇಸ್64 ಎಂಬ ಸಂಕೇತವನ್ನು ಬಳಸಿತು. ಇದರಲ್ಲಿ ಮೂರು ಬೈಟ್‌ಗಳು ನಾಲ್ಕು ಅಕ್ಷರಗಳಾಗುವುದರಿಂದ ಕಡತ ಮೂರನೆಯ ಒಂದರಷ್ಟು ಹಿಗ್ಗುತ್ತದೆ, ಆದರೆ ಅದು ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಓದಬಲ್ಲ ಅಕ್ಷರಗಳನ್ನೇ ಆರಿಸಿಕೊಂಡಿದೆ. ಲಿಪಿಯನ್ನು ಹೆಸರಿಸುವ ಅವಕಾಶವನ್ನೂ ಇದೇ ಮಾನದಂಡ ನೀಡಿದ್ದರಿಂದ ಭಾರತೀಯ ಭಾಷೆಗಳ ಪಾಲಿಗೆ ಅದರ ಮಹತ್ವ ಚಿತ್ರಕ್ಕಿಂತಲೂ ದೊಡ್ಡದು.

ತೊಂಬತ್ತರ ದಶಕದ ಕೊನೆಯಲ್ಲಿ ಪತ್ರಗಳು ಜಾಲಪುಟದಂತೆ ಎಚ್‌ಟಿಎಂಎಲ್‌ನಲ್ಲಿ ಬರತೊಡಗಿದ ಮೇಲೆ ಚಿತ್ರಕ್ಕೆ ಎರಡು ನೆಲೆಗಳು ದೊರೆತವು: ಗುರುತುಸಂಖ್ಯೆಯೊಂದಿಗೆ ಪತ್ರದೊಳಗೇ ಇರುವುದು, ಇಲ್ಲವೆ ಹೊರಗಿನ ಸರ್ವರ್‌ನಲ್ಲಿದ್ದು ಪತ್ರ ತೆರೆದಾಗ ಇಳಿದುಬರುವುದು. ಎರಡನೆಯ ವ್ಯವಸ್ಥೆ ಕಣ್ಗಾವಲಿಗೂ ದಾರಿಮಾಡಿತು. ಕಣ್ಣಿಗೆ ಕಾಣದ, ಒಂದೇ ಚುಕ್ಕೆಯಷ್ಟು ಗಾತ್ರದ ಚಿತ್ರವನ್ನು ಪತ್ರದಲ್ಲಿಟ್ಟರೆ ಅದು ಇಳಿಯುವ ಕ್ಷಣದಲ್ಲಿ ಪತ್ರವನ್ನು ಯಾವಾಗ ತೆರೆಯಲಾಯಿತು, ಯಾವ ಐಪಿ ವಿಳಾಸದಿಂದ ಎಂಬುದು ಕಳುಹಿಸಿದವರಿಗೆ ತಿಳಿಯುತ್ತದೆ. ಔಟ್‌ಲುಕ್ 2003 ಹೊರಗಿನ ಚಿತ್ರಗಳನ್ನು ತಾನಾಗಿ ಇಳಿಸಿಕೊಳ್ಳುವುದನ್ನು ನಿಲ್ಲಿಸಿದ್ದು ಮುಖ್ಯವಾಗಿ ಇದನ್ನು ತಡೆಯಲೆಂದೇ, ಮತ್ತು ಆ ನಿರ್ಧಾರ ಸರಿಯಾದದ್ದೇ. 2007ರ ಆವೃತ್ತಿ ಪತ್ರ ತೋರಿಸುವ ಹೊಣೆಯನ್ನು ವರ್ಡ್ ತಂತ್ರಾಂಶಕ್ಕೆ ವಹಿಸಿದ್ದರಿಂದ ಹಿನ್ನೆಲೆ ಚಿತ್ರಗಳು ಮರೆಯಾದವು. ಇದನ್ನು ಮಾತ್ರ ಹಿನ್ನಡೆಯೆಂದೇ ಹೇಳಬೇಕು. ಜಿಮೇಲ್ 2013ರಲ್ಲಿ ಚಿತ್ರಗಳನ್ನು ತನ್ನದೇ ಸರ್ವರ್ ಮೂಲಕ ತರಿಸಿ ತೋರಿಸಲಾರಂಭಿಸಿತು.

ಆದ್ದರಿಂದ ಕಾರಣ ಹುಡುಕುವವರು ಚಿತ್ರ ಪತ್ರದ ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಮೊದಲು ನೋಡಬೇಕಾಗುತ್ತದೆ. ಹೊರಗಿದ್ದರೆ, ಕಳುಹಿಸಿದವರು ನಂಬಿಕಸ್ಥರಾದಾಗ ಮಾತ್ರ, ಪತ್ರದ ಮೇಲ್ಭಾಗದ ಪಟ್ಟಿಯನ್ನು ಒತ್ತಿ ಚಿತ್ರವನ್ನು ಇಳಿಸಿಕೊಳ್ಳಬಹುದು. ಒಳಗಿದ್ದೂ ಕಾಣದಿದ್ದರೆ ಪತ್ರವನ್ನು ಬರಿಯ ಪಠ್ಯವಾಗಿ ತೆರೆಯಲಾಗಿದೆಯೇ, ಮುಂದಕ್ಕೆ ಕಳುಹಿಸುವಾಗ ಚಿತ್ರದ ಭಾಗ ಕಳಚಿಹೋಗಿದೆಯೇ ಎಂದು ಪರಿಶೀಲಿಸಬೇಕು. ಸಹಿಯ ಜೊತೆಗಿನ ಲಾಂಛನಗಳದು ಬೇರೆಯೇ ಪ್ರಕರಣ: ಅವು ಕಚೇರಿಯ ಒಳಜಾಲದ ಫೋಲ್ಡರಿಗೆ ಕೊಂಡಿಯಾಗಿದ್ದರೆ ಸಹೋದ್ಯೋಗಿಗಳಿಗೆ ಸ್ಪಷ್ಟವಾಗಿ ಕಾಣುತ್ತವೆ, ಹೊರಗಿನವರಿಗೆ ಖಾಲಿ ಚೌಕವಾಗಿಯೇ ಉಳಿಯುತ್ತವೆ. ಪಡೆದವರು ಯಾವ ಸೆಟ್ಟಿಂಗ್ ಬದಲಿಸಿದರೂ ಅಲ್ಲಿ ಪ್ರಯೋಜನವಿಲ್ಲ. ಕಳುಹಿಸಿದವರೇ ಲಾಂಛನವನ್ನು ಪತ್ರದೊಳಗೆ ಸೇರಿಸಿ ಮತ್ತೊಮ್ಮೆ ಕಳುಹಿಸಬೇಕು.