ನೀರನ್ನು ನೋಡಿ ಕುಂಡ

ಅಂಗಳವಿಲ್ಲದ ಮನೆಯಲ್ಲಿಯೂ ಒಂದೆರಡು ಹಸುರೆಲೆ ಇರಲಿ ಎಂಬ ಆಸೆ ಯಾರಿಗಿಲ್ಲ? ಇಂದಿನ ವಿಜಯಪುರದ ಮನೆಗಳಲ್ಲಿ ಹಬ್ಬುವ ಮನಿ ಪ್ಲಾಂಟ್, ಕತ್ತಿಯಂತೆ ನೆಟ್ಟಗೆ ನಿಲ್ಲುವ ಸ್ನೇಕ್ ಪ್ಲಾಂಟ್ ಇವೆರಡೂ ಕಾಣಸಿಗುತ್ತವೆ. ತಾವು ಯಾವುದನ್ನು ತರಬೇಕು? ಅಂದವನ್ನು ನೋಡುವ ಮೊದಲು ಈ ಊರಿನ ಚರಿತ್ರೆಯನ್ನು ತುಸು ನೋಡುವುದು ಒಳಿತು.

ಇಲ್ಲಿಯ ಚರಿತ್ರೆಯಲ್ಲಿ ಅರ್ಧಪಾಲು ನೀರಿನದು. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಆದುದರಿಂದಲೇ ಆದಿಲ್ ಶಾಹಿ ಅರಸರು ತೊರವಿಯಿಂದ ನೆಲದೊಳಗೆ ಸುರಂಗ ತೋಡಿಸಿ ನೀರು ತರಿಸಿದರು. 1579ರಲ್ಲಿ ಚಾಂದ್ ಬಾವಡಿಯೂ, 1620ರಲ್ಲಿ ತಾಜ್ ಬಾವಡಿಯೂ, 1651ರಲ್ಲಿ ಬೇಗಂ ತಲಾಬವೂ ಆದವು. ತಲಾಬದ ನೀರು ಮಣ್ಣಿನ ಕೊಳವೆಗಳಲ್ಲಿ ಹರಿದು ಬರುತ್ತಿತ್ತು; ನಡುನಡುವೆ ಗಂಜ್ ಎಂಬ ಗೋಪುರಗಳು ಅದರ ಒತ್ತಡವನ್ನು ತಗ್ಗಿಸಿ ಹೂಳನ್ನು ತಡೆಯುತ್ತಿದ್ದವು. ಅರಸರಿಗೇ ಇಷ್ಟು ಶ್ರಮವಾದ ನೀರನ್ನು ನಾವು ಕುಂಡಕ್ಕೆ ಸುರಿಯುವಾಗ ಲೆಕ್ಕವಿಡಬೇಡವೆ?

ಈಗ ಗಿಡಗಳ ವಂಶಾವಳಿಯನ್ನು ಕೇಳಿರಿ. ಮನಿ ಪ್ಲಾಂಟಿನ ತವರು ಶಾಂತಸಾಗರದ ಮೂರಿಯಾ ದ್ವೀಪ. ಮಳೆಗಾಡಿನಲ್ಲಿ ಮರವನ್ನಪ್ಪಿ ಏರುವ ಬಳ್ಳಿಯದು. ಮೇಲ್ಮಣ್ಣು ಆರಿದೊಡನೆ ಅದು ನೀರು ಬಯಸುತ್ತದೆ. ನೇರ ಬಿಸಿಲಿಗೆ ಎಲೆ ಸುಡುತ್ತದೆ, ಒಣಗಾಳಿಗೆ ಅಂಚು ಕಂದುತ್ತದೆ. ಸ್ನೇಕ್ ಪ್ಲಾಂಟಿನ ತವರು ಪಶ್ಚಿಮ ಆಫ್ರಿಕ. ದಪ್ಪ ಎಲೆಯಲ್ಲಿ ನೀರನ್ನು ಕೂಡಿಟ್ಟು, ಹಗಲು ಎಲೆಯ ರಂಧ್ರಗಳನ್ನು ಮುಚ್ಚಿ, ಇರುಳಿನಲ್ಲಿ ತೆರೆದು ಉಸಿರಾಡುವ ಜಾಣಗಿಡ. ಇದರ ಬಂಧುವೊಂದು ನಮ್ಮ ದೇಶದಲ್ಲಿಯೇ ಉಂಟು. ಸಂಸ್ಕೃತದ ಮೂರ್ವೆಯನ್ನು ಹಲವರು ಅದೇ ಎಂದು ಗುರುತಿಸುತ್ತಾರೆ. ಮೂರ್ವೆಯ ನಾರಿನಿಂದಲೇ ಬಿಲ್ಲಿನ ಹೆದೆಗೆ ಮೌರ್ವಿ ಎಂಬ ಹೆಸರು ಬಂದಿತು.

ಹಾಗಾದರೆ ನಿರ್ಣಯವೇನು? ಬೇಸಗೆಯ ರಜೆಗೆ ಬೀಗ ಹಾಕಿ ಊರಿಗೆ ಹೋಗುವವರಿಗೂ, ನಲ್ಲಿಯ ನೀರಿಗೆ ದಿನವೆಣಿಸುವವರಿಗೂ ಸ್ನೇಕ್ ಪ್ಲಾಂಟೇ ತಕ್ಕುದು. ಮಣ್ಣು ಪೂರ್ತಿ ಒಣಗಿದ ಮೇಲೆ ನೀರು ಹಾಕಿದರೆ ಸಾಕು. ಅದಕ್ಕೆ ಅತಿಪ್ರೀತಿಯೇ ಶತ್ರು, ನಿಂತ ನೀರಿನಲ್ಲಿ ಬೇರು ಕೊಳೆಯುತ್ತದೆ. ದಿನವೂ ಕುಂಡದ ಬಳಿ ಸುಳಿಯುವ ಅಜ್ಜನೋ ಅಜ್ಜಿಯೋ ಮನೆಯಲ್ಲಿದ್ದರೆ, ಬೆಳಕಿರುವ ಆದರೆ ಬಿಸಿಲು ತಾಕದ ಕಿಟಕಿಯಿದ್ದರೆ, ಮನಿ ಪ್ಲಾಂಟನ್ನು ಧಾರಾಳವಾಗಿ ತನ್ನಿರಿ. ಎರಡೂ ಹೊಟ್ಟೆಗೆ ಹೋದರೆ ವಿಷ. ತೆವಳುವ ಕೂಸಿಗೂ ಆಡಿನ ಮರಿಗೂ ಎಟುಕದಂತಿಡಿ.

ಇದು ಕುಂಡಕ್ಕಷ್ಟೇ ಸಲ್ಲುವ ಮಾತಲ್ಲ. ತಿಕೋಟಾ, ಬಬಲೇಶ್ವರ ಸೀಮೆಯ ರೈತರು ದ್ರಾಕ್ಷಿ ಬೆಳೆದುದು ಹನಿ ನೀರಾವರಿಯ ಬಲದಿಂದ, ಬರವನ್ನೂ ಉಪ್ಪನ್ನೂ ತಾಳುವ ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟಿ. ಮೊದಲು ನೀರನ್ನು ಅಳೆದು, ಆಮೇಲೆ ಸಸಿಯನ್ನು ಆರಿಸಿದವರು ಅವರು. ತಾವೂ ಕುಂಡ ಕೊಳ್ಳುವ ಮುನ್ನ ಮನೆಯ ಕೊಡಗಳನ್ನೊಮ್ಮೆ ಎಣಿಸಿ ನೋಡಿರಿ.